ಹಾಲೂಡುವ ತಾಯಿಯೂ ಗಿರಣಿಯ ಪಾಳಿಯೂ

ಪ್ರತಿ ವರ್ಷವೂ ಆಗಸ್ಟ್ ತಿಂಗಳ ಮೊದಲನೆಯ ವಾರ ಬಂದಿತೆಂದರೆ ಆಸ್ಪತ್ರೆಗಳ ಗೋಡೆಗಳ ಮೇಲೆ ಸ್ತನ್ಯಪಾನ ಸಪ್ತಾಹದ ಭಿತ್ತಿಪತ್ರಗಳು ಕಾಣಿಸಿಕೊಳ್ಳುತ್ತವೆ. ಮಗುವಿಗೆ ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲನ್ನಲ್ಲದೆ ನೀರನ್ನೂ ಕೊಡಬಾರದೆಂದು ಬಾಣಂತಿಯರಿಗೆ ಬುದ್ಧಿ ಹೇಳಲಾಗುತ್ತದೆ. ಹೇಳುವ ಮಾತು ಸರಿಯಾದುದೇ. ಆದರೆ ಆ ತಾಯಿ ಯಾವ ಪಾಳಿಗೆ ಹೋಗಬೇಕಾಗಿದೆಯೆಂದು ಕೇಳುವವರಾರು?

ಲೆಕ್ಕ ಹಾಕಿ ನೋಡೋಣ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆ ದೊರೆಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಇದು ಸಣ್ಣ ಗೆಲುವಲ್ಲ. ಆದರೆ ತುಂಬುಗರ್ಭಿಣಿ ಅದರಲ್ಲಿ 8 ವಾರಗಳನ್ನು ಹೆರಿಗೆಗೆ ಮುಂಚೆಯೇ ಪಡೆದಳೆಂದರೆ ಮಗುವಿನ ಪಾಲಿಗೆ ಉಳಿಯುವುದು 18 ವಾರ. ಅಂದರೆ ನಾಲ್ಕು ತಿಂಗಳು ಚಿಲ್ಲರೆ. ಆರು ತಿಂಗಳಿನಲ್ಲಿ ಮಿಕ್ಕ ದಿನಗಳ ಗತಿಯೇನು? ಮೂರನೆಯ ಮಗುವಿಗಂತೂ ಒಟ್ಟು 12 ವಾರ. ಇ.ಎಸ್.ಐ.ಗೆ ಸೇರದ, 80 ದಿನ ದುಡಿದ ದಾಖಲೆಯೂ ಇಲ್ಲದ ಗುತ್ತಿಗೆ ಹೆಂಗಸಿಗೆ ಅದೂ ಇಲ್ಲ.

ಎದೆಹಾಲು ಮಗು ಚೀಪಿದಷ್ಟೂ ಊರುವಂಥದು. ಎಂಟು ಗಂಟೆ ಯಂತ್ರದ ಮುಂದೆ ನಿಂತವಳಿಗೆ ಎದೆ ಕಟ್ಟುತ್ತದೆ, ಬಾವು ಬಂದು ಜ್ವರವೂ ಬರಬಹುದು, ದಿನ ಕಳೆದಂತೆ ಹಾಲು ಇಳಿಯುತ್ತದೆ. ಆಗ ನೆರೆಹೊರೆಯವರು "ಇವಳಿಗೆ ಹಾಲೇ ಸಾಲದು" ಎಂದು ತೀರ್ಪು ಕೊಡುತ್ತಾರೆ! ಪಾಳಿಯ ತಪ್ಪನ್ನು ತಾಯಿಯ ತಲೆಗೆ ಕಟ್ಟಿದಂತಾಯಿತು.

ಮಗುವಿಗೆ 15 ತಿಂಗಳು ತುಂಬುವವರೆಗೆ, ಊಟದ ಬಿಡುವಲ್ಲದೆ, ಹಾಲೂಡಲೆಂದೇ ದಿನಕ್ಕೆರಡು ಬಿಡುವುಗಳನ್ನು 1961ರ ಹೆರಿಗೆ ಸೌಲಭ್ಯ ಕಾನೂನೇ ಕೊಟ್ಟಿತ್ತು. ಅವು ಇಂದಿಗೂ ಇವೆ. 50 ಮಂದಿ ದುಡಿಯುವ ಕಡೆ ಶಿಶುಪಾಲನಾ ಕೋಣೆ ಇರತಕ್ಕದ್ದು; ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು. ಆ ಕೋಣೆಗೆ ಬೀಗ ಬಿದ್ದಿದ್ದರೆ, ಅಥವಾ ಅದರಲ್ಲಿ ಮಾಲೀಕರ ದಾಸ್ತಾನು ತುಂಬಿದ್ದರೆ, ಬೋನಸ್ಸಿನ ಬೇಡಿಕೆಪಟ್ಟಿಯಲ್ಲೇ ಅದನ್ನೂ ಬರೆಯಿರೆಂದು ಸಂಘಗಳನ್ನು ಒತ್ತಾಯಿಸುತ್ತೇವೆ. ಹೆಂಗಸರ ವಿಷಯವೆಂದು ಇದನ್ನು ಬದಿಗಿಡುವ ಗಂಡಸು ಸಂಗಾತಿಗಳನ್ನು ನಾವು ಕಂಡಿದ್ದೇವೆ. ಅವರ ಮನೆಯಲ್ಲಿ ತೊಟ್ಟಿಲಿಲ್ಲವೇ?

ಇನ್ನು ಸಲಹೆಯ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ನೂರಕ್ಕೆ 88ಕ್ಕೂ ಹೆಚ್ಚು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. ಆದರೂ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕಂಡ ಮಕ್ಕಳು ನೂರಕ್ಕೆ ಸುಮಾರು 42 ಮಾತ್ರ. ಗೋಡೆಯ ಚಿತ್ರ ಮಗುವನ್ನು ಎದೆಗೆ ಹಿಡಿಸಲಾರದು. ಪಕ್ಕದಲ್ಲಿ ಕುಳಿತು ತೋರಿಸುವ ಕೈ ಬೇಕು. ಆಸ್ಪತ್ರೆಯಲ್ಲಿ ಹೆತ್ತು ಬಂದವಳ ಮನೆಗೆ 42 ದಿನಗಳೊಳಗೆ ಆರು ಸಲ ಹೋಗಬೇಕೆಂದು ಆಶಾ ಕಾರ್ಯಕರ್ತೆಗೆ ಸರ್ಕಾರದ ಕಟ್ಟಳೆ. ಆಕೆಗೆ ಕೊಡುವುದು ಮಾತ್ರ ಸಂಬಳವಲ್ಲ. ಗೌರವಧನ, ಪ್ರೋತ್ಸಾಹಧನವೆಂಬ ಅಲ್ಪ ಮೊತ್ತ.

ವರ್ತಕ ಮಿತ್ರರಿಗೂ ಒಂದು ಮಾತು. 1992ರ ಕಾನೂನೂ ಅದರ 2003ರ ತಿದ್ದುಪಡಿಯೂ ಎರಡು ವರ್ಷದೊಳಗಿನ ಕೂಸುಗಳ ಹಾಲಿನ ಪುಡಿಗೆ ಜಾಹೀರಾತನ್ನು ನಿಷೇಧಿಸಿವೆ. ಮಾದರಿ ಡಬ್ಬಿ, ಉಡುಗೊರೆ ಹಂಚುವಂತಿಲ್ಲ. ಡಬ್ಬಿಯ ಮೇಲೆ ಮಗುವಿನ ಚಿತ್ರವೂ ಕೂಡದು. ವೈದ್ಯರು ಬರೆದುಕೊಟ್ಟವರಿಗೆ ಮಾರುವುದು ತಪ್ಪಲ್ಲ. ಕಂಪನಿಯ ಏಜೆಂಟ್ ತರುವ ಬಣ್ಣದ ಹಾಳೆಯನ್ನು ಮಾತ್ರ ಹಿಂದಕ್ಕೆ ಕೊಡಿ. ಹತ್ತು ಮಂದಿಗಿಂತ ಕಡಿಮೆ ಜನರಿರುವ ಅಂಗಡಿಗೆ ಹೆರಿಗೆ ಕಾನೂನು ತಟ್ಟುವುದಿಲ್ಲ, ನಿಜ. ಆದರೆ ಅಂಗಡಿಯ ಹಿಂಬದಿಗೆ ಒಂದು ಪರದೆ, ಒಂದು ಕುರ್ಚಿ ಹಾಕಿ ಇಪ್ಪತ್ತು ನಿಮಿಷ ಬಿಡುವು ಕೊಡಲು ಬಂಡವಾಳ ಬೇಕೆ? ಅಲ್ಲಿ ಹಿಂಡಿ ಶುಚಿಯಾದ ಬಟ್ಟಲಿನಲ್ಲಿ ಮುಚ್ಚಿ ಕಳಿಸಿದ ಹಾಲನ್ನು ನಾಲ್ಕು ಗಂಟೆಯೊಳಗಾಗಿ ಮನೆಯಲ್ಲಿ ಅಜ್ಜಿ ಒಳಲೆಯಿಂದ ಕುಡಿಸಬಲ್ಲಳು.