ಮೇಲಿನವರಿಗೆ ತಿಳಿಸದೆ ಬೀಳುವ ಗೋಡೆ

ಬಸವನಗುಡಿಯ ಹಳೆಯ ಮನೆಯೊಂದರ ನೆಲಮಹಡಿ ಸಿದ್ಧ ಉಡುಪಿನ ಮಳಿಗೆಯಾಗುತ್ತಿತ್ತು. ಒಳಗೋಡೆಗಳನ್ನು ತೆಗೆದು ಒಂದೇ ಹಾಲ್ ಮಾಡಬೇಕೆಂದು ಬಾಡಿಗೆದಾರರು ನನ್ನನ್ನು ಕರೆಸಿದ್ದರು. ಕಟ್ಟಡಗಳ ಭದ್ರತೆಯ ಪರಿಶೀಲನೆ ನನ್ನ ವೃತ್ತಿ. ನಾನು ತಲುಪುವಷ್ಟರಲ್ಲಿ ಒಂದು ಗೋಡೆ ಅರ್ಧ ಉರುಳಿತ್ತು. 'ಇದು ಬರೀ ಅಡ್ಡಗೋಡೆ ಸಾರ್, ಇದರ ಮೇಲೆ ಭಾರ ಇಲ್ಲ' ಎಂದ ಮೇಸ್ತ್ರಿ. ತಲೆ ಎತ್ತಿ ನೋಡಿದೆ. ಗಾರೆ ಉದುರಿದ್ದಲ್ಲಿ ಎರಡು ಕಲ್ಲುಚಪ್ಪಡಿಗಳ ತುದಿಗಳು ಅದೇ ಗೋಡೆಯ ಮೇಲೆ ಕುಳಿತಿದ್ದವು. ಮೇಲಿನ ಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು.

ನಮ್ಮ ಹಳೆಯ ಬಡಾವಣೆಗಳ ಎಷ್ಟೋ ಮನೆಗಳಿಗೆ ಕಾಂಕ್ರೀಟ್ ಕಂಬಗಳಿಲ್ಲ, ಗೋಡೆಯೇ ಕಂಬ. ಒಂಬತ್ತು ಅಂಗುಲದ್ದು ಭಾರ ಹೊರುತ್ತದೆ, ನಾಲ್ಕೂವರೆ ಅಂಗುಲದ್ದು ಹೊರುವುದಿಲ್ಲ ಎಂಬ ಲೆಕ್ಕಾಚಾರ ಬಾಯಿಂದ ಬಾಯಿಗೆ ಹರಡಿದೆ. ಅದನ್ನು ನೆಚ್ಚುವಂತಿಲ್ಲ. ತೆಳುಗೋಡೆಯ ಮೇಲೂ ಕಾಲಾಂತರದಲ್ಲಿ ಬಾಗಿದ ತಾರಸಿ ಒರಗಿರಬಹುದು. ಏನನ್ನೂ ಹೊರದ ಗೋಡೆಯೂ ಉದ್ದ ಗೋಡೆಗಳು ಓಲಾಡದಂತೆ ಹಿಡಿದಿರಬಹುದು. ಇನ್ನು ಮೇಲಿನ ಮಹಡಿಯಲ್ಲಿ ಅದೇ ನೇರಕ್ಕೆ ಇನ್ನೊಂದು ಗೋಡೆಯಿದ್ದರಂತೂ ಕೇಳುವುದೇ ಬೇಡ: ಹತ್ತಡಿ ಉದ್ದ, ಹತ್ತಡಿ ಎತ್ತರದ ಒಂಬತ್ತು ಅಂಗುಲದ ಇಟ್ಟಿಗೆ ಗೋಡೆ ತಾನೊಂದೇ ಸುಮಾರು 4 ಟನ್ ತೂಗುತ್ತದೆ.

ಮುಂಬೈನ ಘಾಟ್ಕೋಪರ್‌ನಲ್ಲಿ 2017ರ ಜುಲೈ 25ರಂದು ವಸತಿ ಕಟ್ಟಡವೊಂದು ಕುಸಿದು 17 ಮಂದಿ ಸತ್ತರು. ನೆಲಮಹಡಿಯ ನರ್ಸಿಂಗ್ ಹೋಮ್‌ನಲ್ಲಿ ನವೀಕರಣ ನಡೆದಿತ್ತು. ಆ ಕೆಲಸವೇ ಕಾರಣವೆಂದು ಪೊಲೀಸರು ಪ್ರಕರಣ ದಾಖಲಿಸಿದರು. ಕೆಳಗೆ ಒಬ್ಬರ ವ್ಯವಹಾರ, ಮೇಲೆ ಹಲವರ ಸಂಸಾರ. ನನ್ನನ್ನು ಕಾಡುವುದು ಇದೇ. ಬಾಡಿಗೆ ಕರಾರಿಗೆ ಮಾಲೀಕರು ಮತ್ತು ಅಂಗಡಿಯವರು ಸಹಿ ಹಾಕುತ್ತಾರೆ. ಅಪಾಯವನ್ನು ಹೊರುವ ಮೂರನೆಯವರಿಗೆ ಸುದ್ದಿ ಮುಟ್ಟುವುದು ಧೂಳು ಬಂದಾಗ ಮಾತ್ರ.

ಗೋಡೆಗಳನ್ನು ತೆಗೆಯಲೇಬಾರದೆಂದು ನಾನು ಹೇಳುತ್ತಿಲ್ಲ. ಹಳೆಯ ಮನೆಯನ್ನು ನೆಲಸಮ ಮಾಡುವುದಕ್ಕಿಂತ ಅದರಲ್ಲೊಂದು ಅಂಗಡಿ ನಡೆಯುವುದು ಎಷ್ಟೋ ಮೇಲು. ಆದರೆ ಮೊದಲು ತಾರಸಿಗೆ ಎರಡೂ ಬದಿಯಿಂದ ಊರೆ ಕೊಡಬೇಕು. ಲೆಕ್ಕ ಹಾಕಿದ ಉಕ್ಕಿನ ತೊಲೆಯನ್ನು ಕೂರಿಸಿ, ಅದರ ತುದಿಗಳಡಿಯ ಇಟ್ಟಿಗೆ ಹೊಸ ಭಾರವನ್ನು ತಾಳುವುದೇ ಎಂದು ನೋಡಬೇಕು. ತೊಲೆಗೆ ಹಣ ಕೊಡುವವರೂ ಈ ಕೊನೆಯ ಪರೀಕ್ಷೆಯನ್ನು ಮರೆಯುತ್ತಾರೆ.

ಬಸವನಗುಡಿಯಲ್ಲಿ ಅಂದು ಸಂಜೆಯೊಳಗೆ ಊರೆ ನಿಲ್ಲಿಸಿದೆವು. ತೊಲೆಯ ಖರ್ಚು ಕೇಳಿ ಬಾಡಿಗೆದಾರರು ಮುಖ ಸಣ್ಣದು ಮಾಡಿಕೊಂಡರು. ದೀಪಾಲಂಕಾರಕ್ಕೆ ಅದಕ್ಕಿಂತ ಹೆಚ್ಚು ತೆಗೆದಿಟ್ಟಿದ್ದರೆಂಬುದು ಬೇರೆ ಮಾತು. ವ್ಯಾಪಾರ ಪರವಾನಗಿಯ ಅರ್ಜಿಯೊಂದಿಗೆ ಕರಾರುಪತ್ರ, ತೆರಿಗೆ ರಸೀದಿ ಲಗತ್ತಿಸುತ್ತೇವೆ. ಗೋಡೆ ತೆಗೆದಿದ್ದರೆ ಎಂಜಿನಿಯರ್ ಸಹಿ ಮಾಡಿದ ಒಂದು ಹಾಳೆಯನ್ನೂ, ಮೇಲಿನ ನಿವಾಸಿಗಳಿಗೆ ಮುಂಚಿತವಾಗಿ ತಿಳಿಸಿದ್ದಕ್ಕೆ ಒಂದು ಪತ್ರವನ್ನೂ ಪಾಲಿಕೆ ಕೇಳಲಿ. ಅಂಗಡಿ ತೆರೆಯುವುದು ಒಂದು ವಾರ ತಡವಾದೀತು, ಅಷ್ಟೇ.