ಆಟದ ನಿಯಮ ಆಡುವವನ ಕೈಗೆ

ಕಿರಿಮಂಜೇಶ್ವರದ ಸುತ್ತಿನಲ್ಲಿ ಯಕ್ಷಗಾನ ಮೇಳವೊಂದು ಇಂದು ಒಂದು ಪ್ರಸಂಗವನ್ನೂ ನಾಳೆ ಮತ್ತೊಂದನ್ನೂ ಆಡುತ್ತದೆ. ಹಿಮ್ಮೇಳ ಅದೇ, ರಂಗಸ್ಥಳ ಅದೇ, ಬದಲಾಗುವುದು ಪ್ರಸಂಗ. ಕಂಪ್ಯೂಟರ್ ಆಟಗಳಿಗೂ ಇಂತಹ ವಿಭಜನೆಯೇ ಲೇಸೆಂದು ನಮ್ಮ ಅಭಿಪ್ರಾಯ. ಚಿತ್ರ ಮೂಡಿಸುವಂತಹ ವೇಗದ ಕೆಲಸ ಸಿ++ ಭಾಷೆಯ ಎಂಜಿನ್ನಿಗಿರಲಿ. ಆಟದ ನಿಯಮಗಳು ಅದರೊಳಗೆ ಅಳವಡಿಸಿದ ಸರಳ ಸ್ಕ್ರಿಪ್ಟ್ ಭಾಷೆಯಲ್ಲಿರಲಿ. ಆಗ ನಿಯಮವನ್ನು ತಿದ್ದಿದಾಗಲೆಲ್ಲ ಎಂಜಿನ್ನನ್ನು ಮತ್ತೆ ಕಂಪೈಲ್ ಮಾಡಬೇಕಾಗದು.

1993ರಲ್ಲಿ ಬ್ರೆಜಿಲಿನ ರಿಯೊ ಡಿ ಜನೈರೊದಲ್ಲಿ ಹುಟ್ಟಿದ ಲುವಾ ಅಂತಹ ಭಾಷೆ. ಪೋರ್ಚುಗೀಸಿನಲ್ಲಿ ಹಾಗೆಂದರೆ ಚಂದ್ರ. ಮೈನ್‌ಟೆಸ್ಟ್ ಎಂಬ ಹೆಸರಿನಿಂದ 2010ರಲ್ಲಿ ಆರಂಭವಾದ ಲುವಾಂಟಿ ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ. ಅದರಲ್ಲಿ ಆಟಗಾರನ ಮೇಲಿನ ಗುರುತ್ವವನ್ನು ಲುವಾದ ಒಂದೇ ಸಾಲಿನಿಂದ ಆರನೆಯ ಒಂದು ಭಾಗಕ್ಕೆ, ಎಂದರೆ ಚಂದ್ರನ ಮಟ್ಟಕ್ಕೆ, ಇಳಿಸಬಹುದು. ನೆಗೆಯುವ ವೇಗ ಮೊದಲಿನಷ್ಟೇ ಇದ್ದರೆ ಎತ್ತರ ಆರು ಪಟ್ಟಾಗಬೇಕೆಂದು ಸೂತ್ರ ಹೇಳುತ್ತದೆ. ವಿದ್ಯಾರ್ಥಿಯು ಪರದೆಯ ಮೇಲೆ ಅಳೆದು ನೋಡಲಿ.

ಸ್ಕ್ರಿಪ್ಟ್ ನಿಧಾನವೆಂಬ ಆಕ್ಷೇಪ ನಿಜವೇ. ಆದರೆ ಭಾರವಾದ ಲೆಕ್ಕಾಚಾರ ಎಂಜಿನ್ನಿನ ಪಾಲಿಗೇ ಉಳಿಯುವುದರಿಂದ ಅದು ಅಷ್ಟಾಗಿ ಬಾಧಿಸದು. ಆಟದಲ್ಲಿ ಹೊತ್ತು ಕಳೆಯುತ್ತಾರೆಂದು ತರುಣರನ್ನು ಗದರಿಸುವುದಕ್ಕಿಂತ ಅದರ ನಿಯಮವನ್ನು ತಿದ್ದಲು ಕಲಿಸುವುದು ಮೇಲು. ಬರಿದೆ ಆಡುವವನು ಇತರರ ನಿಯಮಕ್ಕೆ ಒಳಗಾದವನು. ತಿದ್ದಬಲ್ಲವನಿಗೆ ಆಟವೇ ಪ್ರಯೋಗಶಾಲೆ.