ತೆರಿಗೆ ಸೊನ್ನೆ, ಸಾಲವೂ ಅಷ್ಟಕ್ಕಷ್ಟೇ

ಅಂತರಸಂತೆಯ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಸಾಫ್ಟ್‌ವೇರ್ ಕೆಲಸ ಮಾಡ್ತಾನೆ ನಮ್ಮ ಚಿಕ್ಕಪ್ಪನ ಮಗ. ಸಂಬಳ ಅಲ್ಲ, ಕಾಂಟ್ರಾಕ್ಟ್. ತಿಂಗಳಿಗೆ 75 ಸಾವಿರದ ಬಿಲ್, ಅದರಲ್ಲಿ 10% ಟಿಡಿಎಸ್ ಹಿಡಿದು ಕೈಗೆ ಬರೋದು 67,500.

ಇಂಥವರಿಗೆ ಆಡಿಟರ್‌ಗಳು ಮೊದಲು ಹೇಳೋದೇ 44ಎಡಿಎ. ಎಂಜಿನಿಯರ್, ವಕೀಲ, ಡಾಕ್ಟರ್ ಥರದ ವೃತ್ತಿಪರರು ಖರ್ಚಿನ ಲೆಕ್ಕಪುಸ್ತಕ ಇಡದೆ, ಬಂದ ಹಣದ ಅರ್ಧವನ್ನು ಆದಾಯ ಅಂತ ತೋರಿಸಬಹುದು. 2025-26ಕ್ಕೆ ಇವನೂ 9 ಲಕ್ಷದಲ್ಲಿ ನಾಲ್ಕೂವರೆ ತೋರಿಸಿದ. ತೆರಿಗೆ ಸೊನ್ನೆ, ಹಿಡಿದಿದ್ದ 90 ಸಾವಿರವೂ ವಾಪಸ್. ಮನೆಯವರೆಲ್ಲ ಖುಷಿ.

ಹೆಂಚಿನ ಮನೆ ತೆಗೆದು ತಾರಸಿ ಹಾಕಿಸೋಣ ಅಂತ ಬ್ಯಾಂಕಿಗೆ ಹೋದಾಗ ಮುಖ ಸಣ್ಣದಾಯ್ತು. ಅವರು ಲೆಕ್ಕ ಹಾಕಿದ್ದು ರಿಟರ್ನ್‌ನಲ್ಲಿದ್ದ ಆದಾಯಕ್ಕೆ. “ಬಿಲ್ಲು ಒಂಬತ್ತು ಲಕ್ಷ ಇದ್ಯಲ್ಲಕ್ಕಾ” ಅಂತ ನನ್ನ ಹತ್ರ ಗೊಣಗಿದ.

ಅರ್ಧ ಅನ್ನೋದು ಕನಿಷ್ಠ ಮಾತ್ರ ಕಣ್ರೀ. ಅದಕ್ಕಿಂತ ಹೆಚ್ಚು ತೋರಿಸೋಕೆ ಕಾಯ್ದೆಯಲ್ಲೇ ಅವಕಾಶ ಇದೆ. ಊರಲ್ಲಿ ಬಾಡಿಗೆ ಇಲ್ಲ. ಇಂಟರ್ನೆಟ್, ಕರೆಂಟು, ಯುಪಿಎಸ್ ಬ್ಯಾಟರಿ, ಲ್ಯಾಪ್‌ಟಾಪ್ ಎಲ್ಲಾ ಸೇರಿದರೂ ಇವನ ಖರ್ಚು ಒಂದೂವರೆ ಲಕ್ಷ ದಾಟಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಇಂಥ ಆದಾಯ 12 ಲಕ್ಷದವರೆಗೂ ತೆರಿಗೆ ಬೀಳಲ್ಲ. ಏಳೂವರೆ ಲಕ್ಷ ತೋರಿಸಿದ್ದರೂ ಒಂದು ರೂಪಾಯಿ ಕಟ್ಟಬೇಕಿರಲಿಲ್ಲ!

ಬ್ಯಾಂಕುಗಳು ಸಾಮಾನ್ಯವಾಗಿ ಎರಡು-ಮೂರು ವರ್ಷದ ರಿಟರ್ನ್ ಕೇಳ್ತವೆ. ಹಾಗಾಗಿ ಸಾಲದ ಯೋಚನೆ ಇರೋರು ಈ ವರ್ಷದಿಂದಲೇ ನಿಜವಾಗಿ ಉಳಿದದ್ದನ್ನು ತೋರಿಸಿ. ಟಿಡಿಎಸ್ ಕಡಿಮೆ ಹಿಡಿಸೋಕೂ ಇಲಾಖೆಗೆ ಮೊದಲೇ ಅರ್ಜಿ ಹಾಕಬಹುದು. ಬಿಲ್ಲು ವರ್ಷಕ್ಕೆ 20 ಲಕ್ಷ ದಾಟಿದವರಿಗೆ ಜಿಎಸ್‌ಟಿ ನೋಂದಣಿಯೂ ಬೇಕು. ಅದರ ಕಥೆ ಇನ್ನೊಂದು ವಾರ.